ಬಿಳಿ ಎಂದರೆ ಎಷ್ಟು ಬಿಳಿ?

ಬಿಳಿ ಪಂಚೆಯನ್ನು ಒಗೆದ ಮೇಲೆ ಕೊನೆಯ ಬಾರಿ ಜಾಲಿಸುವ ನೀರಿಗೆ ತುಸು ನೀಲಿ ಬೆರೆಸುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದ ರೂಢಿ. ನೀಲಿಯಿಂದ ಕೊಳೆಯೇನೂ ಹೋಗುವುದಿಲ್ಲ. ಹಳತಾದಂತೆ ಹಳದಿಗೆ ತಿರುಗುವ ಬಟ್ಟೆಗೆ ಅದರ ಎದುರು ಬಣ್ಣವನ್ನು ಕೊಂಚ ಸೇರಿಸಿದರೆ ಕಣ್ಣು ಅದನ್ನು ಅಚ್ಚಬಿಳಿ ಎಂದು ಒಪ್ಪಿಕೊಳ್ಳುತ್ತದೆ, ಅಷ್ಟೆ. ಕೈತಪ್ಪಿ ನೀಲಿ ಹೆಚ್ಚಾಯಿತೆನ್ನಿ, ಪಂಚೆ ಉಟ್ಟವನು ಬೀದಿಯಲ್ಲಿ ನಗೆಪಾಟಲಿಗೀಡಾಗುತ್ತಾನೆ.

ಬಟ್ಟೆಗೆ ನೀಲಿ ಹಾಕುವ ಈ ಉಪಾಯವನ್ನೇ ಟೆಲಿವಿಷನ್ ತಯಾರಕರು ಹಲವು ದಶಕಗಳ ಕಾಲ ತಮ್ಮ ಪರದೆಗಳಿಗೂ ಅನ್ವಯಿಸಿದರು. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಟೀವಿಗಳ ನಡುವೆ ನೀಲಿ ಛಾಯೆಯ ಬಿಳಿಯೇ ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತದೆ. ಗಿರಾಕಿ ಅದನ್ನೇ ಆರಿಸುತ್ತಾನೆ. ಆದರೆ ಆ ನೀಲಿ ಬಿಳಿಯ ಭಾಗಕ್ಕಷ್ಟೇ ಸೀಮಿತವಾಗಿ ನಿಲ್ಲುವುದಿಲ್ಲ. ನಟಿಯ ಮುಖಕ್ಕೆ, ಒಣಹುಲ್ಲಿನ ಬಣವೆಗೆ, ಸಂಜೆಯ ಬಿಸಿಲಿಗೆ, ಎಲ್ಲಕ್ಕೂ ಹರಡುತ್ತದೆ. ಚಿತ್ರ ತೆಗೆದವರು ಕಂಡದ್ದು ಒಂದಾದರೆ ಮನೆಯಲ್ಲಿ ಕುಳಿತವರು ನೋಡುವುದು ಇನ್ನೊಂದು. ಈ ಅಂತರವನ್ನು ಅಳತೆಯಿಂದ ಮುಚ್ಚಲು ಹೊರಟವರಲ್ಲಿ, 1990ರ ದಶಕದಲ್ಲಿ ಮನೆಯ ಸಿನಿಮಾ ಕೋಣೆಗಳಿಗೆ ಸಿಆರ್‌ಟಿ ಪ್ರೊಜೆಕ್ಟರುಗಳನ್ನು ಹೊಂದಿಸಿ ಕೊಡುತ್ತಿದ್ದ ತಂತ್ರಜ್ಞರು ಮುಖ್ಯರು. ಕತ್ತಲೆಯಲ್ಲಿ ಮೂರು ಗಾಜಿನ ನಳಿಕೆಗಳ ಮುಂದೆ ಗಂಟೆಗಟ್ಟಲೆ ಕುಳಿತು ಅವರು ಉತ್ತರ ಹುಡುಕುತ್ತಿದ್ದ ಪ್ರಶ್ನೆ ಒಂದೇ: ಬಿಳಿ ಎಂದರೆ ಯಾವ ಬಿಳಿ? ಆ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಕುಲುಮೆಯಿಂದ ಬಂದ ಅಳತೆ

ಉಷ್ಣಮಾಪಕವಿಲ್ಲದೆಯೂ ಕಮ್ಮಾರನಿಗೆ ಕಬ್ಬಿಣ ಎಷ್ಟು ಕಾದಿದೆಯೆಂದು ತಿಳಿಯುತ್ತದೆ. ತಿದಿ ಒತ್ತಿದಂತೆಲ್ಲ ಕಪ್ಪು ಲೋಹ ಮೊದಲು ಮಂದ ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬೆಳ್ಳಗೆ ಉರಿಯುತ್ತದೆ. ಇಂಗ್ಲೆಂಡಿನ ಹೆಸರಾಂತ ಪಿಂಗಾಣಿ ಉದ್ಯಮಿ ಜೋಸಯ್ಯ ವೆಜ್‌ವುಡ್ ಅವರ ಮಗ ಥಾಮಸ್ ವೆಜ್‌ವುಡ್ 1792ರಲ್ಲಿ ಇದರ ಹಿಂದಿನ ನಿಯಮವನ್ನು ಗುರುತಿಸಿದರು. ಕಬ್ಬಿಣವಿರಲಿ, ಜೇಡಿಮಣ್ಣಿರಲಿ, ಒಂದೇ ಉಷ್ಣತೆಗೆ ಕಾದರೆ ಎಲ್ಲವೂ ಒಂದೇ ಬಣ್ಣದಲ್ಲಿ ಬೆಳಗುತ್ತವೆ ಎಂಬುದು ಅವರ ಶೋಧ. ವಸ್ತು ಯಾವುದೆಂಬುದು ಮುಖ್ಯವಲ್ಲ. ಕಾವು ಎಷ್ಟೆಂಬುದು ಮುಖ್ಯ.

1860ರಲ್ಲಿ ಜರ್ಮನಿಯ ಗುಸ್ತಾವ್ ಕಿರ್ಕಾಫ್ ಈ ಅರಿವಿಗೆ ಸಿದ್ಧಾಂತದ ರೂಪ ಕೊಟ್ಟು, ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿಕೊಳ್ಳುವ ಆದರ್ಶ ವಸ್ತುವನ್ನು ಕೃಷ್ಣಕಾಯ ಎಂದು ಕರೆದರು. 1887ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪನೆಯಾದ ಅಳತೆಮಾನಗಳ ರಾಷ್ಟ್ರೀಯ ಸಂಸ್ಥೆ ಇಂಥ ಕೃಷ್ಣಕಾಯದ ಬೆಳಕನ್ನು ಬಹಳ ನಿಖರವಾಗಿ ಅಳೆಯತೊಡಗಿತು. ಅದರ ಉದ್ದೇಶಗಳಲ್ಲಿ ಒಂದು ತೀರ ವ್ಯಾವಹಾರಿಕ: ದೀಪಗಳ ಉದ್ಯಮಕ್ಕೆ ಬೆಳಕಿನ ಒಂದು ಪ್ರಮಾಣ ಬೇಕಾಗಿತ್ತು. ಆ ಅಳತೆಗಳಿಗೆ ಹೊಂದುವ ಸೂತ್ರವನ್ನು ಹುಡುಕುತ್ತ ಹೋದ ಮ್ಯಾಕ್ಸ್ ಪ್ಲಾಂಕ್ 1900ರ ಡಿಸೆಂಬರ್ 14ರಂದು ಮಂಡಿಸಿದ ವಿವರಣೆಯಿಂದ ಕ್ವಾಂಟಮ್ ಸಿದ್ಧಾಂತವೇ ಹುಟ್ಟಿತು. ದೀಪದ ಬಣ್ಣವನ್ನು ಅಳೆಯಹೋಗಿ ಭೌತಶಾಸ್ತ್ರದ ದಿಕ್ಕು ಬದಲಾದದ್ದು ವಿಜ್ಞಾನ ಚರಿತ್ರೆಯ ದೊಡ್ಡ ಸೋಜಿಗಗಳಲ್ಲೊಂದು.

ಇಲ್ಲಿಂದ ಬಂದದ್ದೇ ವರ್ಣತಾಪ, ಅಂದರೆ ಕಲರ್ ಟೆಂಪರೇಚರ್ ಎಂಬ ಕಲ್ಪನೆ. ಒಂದು ಬೆಳಕಿನ ಬಣ್ಣ ಎಷ್ಟು ಕಾದ ಕೃಷ್ಣಕಾಯದ ಬಣ್ಣವನ್ನು ಹೋಲುತ್ತದೆಯೋ ಅದೇ ಅದರ ವರ್ಣತಾಪ. ಲೆಕ್ಕ ಕೆಲ್ವಿನ್‌ಗಳಲ್ಲಿ. ಮೇಣದಬತ್ತಿಯದು ಸುಮಾರು 1900, ಹಳೆಯ ತಂತಿಬುರುಡೆಯದು 2800ರ ಆಸುಪಾಸು, ನಡುಹಗಲಿನ ಬಿಸಿಲಿನದು ಸುಮಾರು 5500, ಮೋಡ ಕವಿದ ಆಗಸದ್ದು 6500ರ ಹತ್ತಿರ. ನಿರ್ಮಲವಾದ ನೀಲಿ ಆಕಾಶದ್ದು 10,000ವನ್ನೂ ಮೀರುತ್ತದೆ. ಚಿತ್ರಕಾರರು ಕೆಂಪನ್ನು ಬೆಚ್ಚನೆಯ ಬಣ್ಣವೆಂದೂ ನೀಲಿಯನ್ನು ತಂಪು ಬಣ್ಣವೆಂದೂ ಕರೆಯುತ್ತಾರೆ. ಈ ಲೆಕ್ಕದಲ್ಲಿ ಎಲ್ಲವೂ ತಿರುಗುಮುರುಗು: ಕಾವು ಏರಿದಷ್ಟೂ ಬಣ್ಣ ನೀಲಿಯತ್ತ ಸಾಗುತ್ತದೆ.

ಒಪ್ಪಂದದ ಬಿಳಿ

ಮೇಣದಬತ್ತಿಯ ಬೆಳಕಿನಲ್ಲೂ ಕಾಗದ ಬಿಳಿಯಾಗಿಯೇ ಕಾಣುತ್ತದೆ, ಬಿಸಿಲಿನಲ್ಲೂ ಬಿಳಿಯಾಗಿಯೇ ಕಾಣುತ್ತದೆ. ಸುತ್ತಲಿನ ಬೆಳಕಿಗೆ ಹೊಂದಿಕೊಂಡು ಬಿಳಿಯನ್ನು ಮತ್ತೆ ಮತ್ತೆ ಹೊಸದಾಗಿ ತೀರ್ಮಾನಿಸುವುದು ಕಣ್ಣಿನ ಸ್ವಭಾವ. ದಿನನಿತ್ಯದ ಬದುಕಿಗೆ ಇದು ವರ. ಅಳತೆಗೆ ಇದೇ ತೊಡಕು. ಆದ್ದರಿಂದ ಬಿಳಿ ಯಾವುದೆಂಬುದನ್ನು ಜನ ಕುಳಿತು ಗೊತ್ತುಮಾಡಬೇಕಾಯಿತು.

1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಡಬ್ಲ್ಯು. ಡಿ. ರೈಟ್ ಮತ್ತು ಜಾನ್ ಗಿಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಒಂದೇ ಬಗೆಯ ಪ್ರಯೋಗ ನಡೆಸಿದರು. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ, ತೋರಿಸಿದ ಬಣ್ಣಕ್ಕೆ ಸರಿಹೊಂದಿಸುವಂತೆ ವೀಕ್ಷಕರಿಗೆ ಹೇಳಿದರು. ರೈಟ್ ಬಳಿ 10 ಮಂದಿ, ಗಿಲ್ಡ್ ಬಳಿ 7 ಮಂದಿ. ಈ 17 ಜನರ ಕಣ್ಣುಗಳ ಸರಾಸರಿಯನ್ನು ಆಧರಿಸಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ 1931ರಲ್ಲಿ ‘ಪ್ರಮಾಣ ವೀಕ್ಷಕ’ನನ್ನು ರೂಪಿಸಿತು. ಪ್ರತಿಯೊಂದು ಬಣ್ಣಕ್ಕೂ ನಕ್ಷೆಯ ಮೇಲೆ ಒಂದು ಸ್ಥಾನ, ಆ ಸ್ಥಾನಕ್ಕೆ ಎಕ್ಸ್ ಮತ್ತು ವೈ ಎಂಬ ಎರಡು ಅಂಕಿಗಳು. ಜಗತ್ತಿನ ಪರದೆಗಳ ಬಣ್ಣವನ್ನು ಇವತ್ತಿಗೂ ಅಳೆಯುವುದು ಬಹುಮಟ್ಟಿಗೆ ಆ 17 ಮಂದಿಯ ಕಣ್ಣಿನಿಂದಲೇ.

ಅದೇ ಆಯೋಗ ‘ಸಿ’ ಎಂಬ ಹೆಸರಿನ ಒಂದು ಹಗಲು ಬೆಳಕನ್ನೂ ಗೊತ್ತುಮಾಡಿತು. ತಂತಿಬುರುಡೆಯ ಬೆಳಕನ್ನು ನೀಲಿ ದ್ರಾವಣಗಳ ಮೂಲಕ ಹಾಯಿಸಿ ಪಡೆದ ಕೃತಕ ಹಗಲು ಅದು. ಅಮೆರಿಕ 1953ರಲ್ಲಿ ಬಣ್ಣದ ಟೆಲಿವಿಷನ್‌ಗೆ ಮಾನ್ಯತೆ ಕೊಟ್ಟಾಗ ಈ ‘ಸಿ’ ಬೆಳಕೇ ಪರದೆಯ ಅಧಿಕೃತ ಬಿಳಿಯಾಯಿತು. ಮುಂದೆ ನಿಜವಾದ ಹಗಲನ್ನೇ ಅಳೆಯುವ ಕೆಲಸ ನಡೆಯಿತು. ಇಂಗ್ಲೆಂಡ್, ಕೆನಡಾ, ಅಮೆರಿಕಗಳಲ್ಲಿ ಆಗಸದ ಬೆಳಕನ್ನು 622 ಬಾರಿ ಅಳೆದ ದಾಖಲೆಗಳನ್ನು ಒಟ್ಟುಗೂಡಿಸಿ ಜಡ್, ಮ್ಯಾಕ್ ಆಡಮ್ ಮತ್ತು ವಿಝೆಟ್ಸ್ಕಿ 1964ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ‘ಡಿ65’ ಎಂಬ ಬಿಳಿ ರೂಪುಗೊಂಡಿತು. ಅದರ ವರ್ಣತಾಪ ಸುಮಾರು 6500 ಕೆಲ್ವಿನ್. ಯೂರೋಪಿನ ಬಣ್ಣದ ಟೆಲಿವಿಷನ್ ಇದನ್ನು ತನ್ನದಾಗಿಸಿಕೊಂಡಿತು. 1982ರಲ್ಲಿ ಭಾರತಕ್ಕೆ ಬಣ್ಣದ ಪ್ರಸಾರ ಬಂದಾಗ ಆರಿಸಿಕೊಂಡ ಪಾಲ್ ಪದ್ಧತಿಯ ಬಿಳಿಯೂ ಇದೇ.

ಕಾಗದದ ಮೇಲಿನ ಒಪ್ಪಂದ ಒಂದು, ಅಂಗಡಿಯ ಮಾಲು ಇನ್ನೊಂದು. ಆರಂಭದ ಬಣ್ಣದ ನಳಿಕೆಗಳಲ್ಲಿ ಕೆಂಪು ಫಾಸ್ಫರ್ ಲೇಪ ತೀರ ದುರ್ಬಲ. ಬಿಳಿಯನ್ನು ನೀಲಿಯತ್ತ ಸರಿಸಿದರೆ ಕೆಂಪಿನ ಮೇಲಿನ ಹೊರೆ ತಗ್ಗಿ ಪರದೆ ಇನ್ನಷ್ಟು ಬೆಳಗುತ್ತಿತ್ತು. 1964ರಲ್ಲಿ ಯೂರೋಪಿಯಮ್ ಬಳಸಿದ ಪ್ರಖರ ಕೆಂಪು ಲೇಪ ಬಂದ ಮೇಲೂ ನೀಲಿಯ ಚಾಳಿ ಬಿಡಲಿಲ್ಲ. ಜಪಾನಿನಲ್ಲಂತೂ 9300 ಕೆಲ್ವಿನ್‌ನ ನೀಲಿಬಿಳಿಯೇ ರೂಢಿಯಾಯಿತು. ಕಪ್ಪು-ಬಿಳುಪು ಟೀವಿಯ ಕಾಲದಲ್ಲಿ ರಾತ್ರಿ ಹೊತ್ತು ಕಿಟಕಿಗಳಿಂದ ಬೀದಿಗೆ ಬೀಳುತ್ತಿದ್ದ ಬೆಳಕು ನೀಲಿಯಾಗಿದ್ದುದನ್ನು ಕಂಡವರು ಮರೆತಿರಲಾರರು.

ಮೂರು ದೀಪ, ಒಂದು ತೆರೆ

1861ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಪ್ರದರ್ಶನ ನೀಡಿದರು. ಚೌಕುಳಿ ವಿನ್ಯಾಸದ ರಿಬ್ಬನ್ನೊಂದನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಮೂರು ಬಾರಿ ಛಾಯಾಚಿತ್ರ ತೆಗೆಸಿದ್ದರು. ಆ ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಅದೇ ಬಣ್ಣಗಳ ಶೋಧಕಗಳಿಂದ ಒಂದೇ ತೆರೆಯ ಮೇಲೆ ಹಾಯಿಸಿದಾಗ ರಿಬ್ಬನ್ ಬಣ್ಣದಲ್ಲಿ ಮೂಡಿತು. ಇದರಲ್ಲೊಂದು ಗುಟ್ಟಿತ್ತು. ಆ ಕಾಲದ ಛಾಯಾಫಲಕಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಪ್ರಯೋಗ ಹೇಗೆ ಗೆದ್ದಿತು? ಕೆಂಪು ಬಟ್ಟೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಫಲಕದಲ್ಲಿ ದಾಖಲಾದದ್ದು ಅವು ಎಂಬ ಉತ್ತರ ಸಿಕ್ಕಿದ್ದು ನೂರು ವರ್ಷಗಳ ನಂತರ.

ಮ್ಯಾಕ್ಸ್‌ವೆಲ್ ಅವರ ಮೂರು ದೀಪಗಳ ಮೊಮ್ಮಗುವೇ ಸಿಆರ್‌ಟಿ ಪ್ರೊಜೆಕ್ಟರ್. ಅಮೆರಿಕದ ಹೆನ್ರಿ ಕ್ಲಾಸ್ 1972ರಲ್ಲಿ ಅಡ್ವೆಂಟ್ ಕಂಪೆನಿಯಿಂದ ಹೊರತಂದ ‘ವಿಡಿಯೊಬೀಮ್ 1000’ ಮನೆಗಳಿಗೆಂದು ತಯಾರಾದ ಇಂಥ ಮೊದಲ ಯಂತ್ರಗಳಲ್ಲೊಂದು. ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ರತ್ಯೇಕ ಪಿಕ್ಚರ್ ಟ್ಯೂಬ್. ಮೂರರ ಚಿತ್ರಗಳೂ ಏಳಡಿ ಕರ್ಣದ ತೆರೆಯ ಮೇಲೆ ಒಂದಾಗಿ ಕೂಡಬೇಕು. ಮುಂದೆ ಬೆಲ್ಜಿಯಮ್ಮಿನ ಬಾರ್ಕೊ, ಜಪಾನಿನ ಸೋನಿ, ಕೆನಡಾದ ಎಲೆಕ್ಟ್ರೊಹೋಮ್ ಮೊದಲಾದ ಕಂಪೆನಿಗಳು ಏಳು, ಎಂಟು, ಒಂಬತ್ತು ಇಂಚಿನ ನಳಿಕೆಗಳ ದೈತ್ಯಯಂತ್ರಗಳನ್ನು ತಯಾರಿಸಿದವು. ವಿಮಾನ ಚಾಲನೆಯ ತರಬೇತಿ ಕೇಂದ್ರಗಳಲ್ಲೂ ಸಭಾಂಗಣಗಳಲ್ಲೂ ಇದ್ದ ಇವು 1990ರ ದಶಕದಲ್ಲಿ ಹಣವಂತ ಸಿನಿಮಾಪ್ರಿಯರ ಮನೆ ಸೇರಿದವು. ದೊಡ್ಡ ಯಂತ್ರಗಳು ನೂರು ಕಿಲೋಗೂ ಹೆಚ್ಚು ತೂಗುತ್ತಿದ್ದವು. ಅವುಗಳ ಬೆಳಕು ಕಡಿಮೆ. ಕೋಣೆ ಪೂರ್ತಿ ಕತ್ತಲಾಗಿರಬೇಕು. ಆದರೆ ಅವುಗಳ ಕಪ್ಪಿಗೆ ಸಾಟಿಯಿರಲಿಲ್ಲ. ಎಲೆಕ್ಟ್ರಾನ್ ಕಿರಣ ನಿಂತರೆ ಆ ಜಾಗದಲ್ಲಿ ಬೆಳಕೇ ಹುಟ್ಟದು.

ಬೂದು ಬಣ್ಣದ ಏಣಿ

ಈ ಯಂತ್ರವನ್ನು ಹೊಂದಿಸುವಾಗ ತಂತ್ರಜ್ಞ ಮೊದಲು ನೋಡುತ್ತಿದ್ದದ್ದು ಬೂದು ಬಣ್ಣವನ್ನು. ಕಪ್ಪಿನಿಂದ ಬಿಳಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಬೂದು ಛಾಯೆಗಳ ಸಾಲಿಗೆ ಗ್ರೇಸ್ಕೇಲ್ ಎಂದು ಹೆಸರು. ಕಡುಕಪ್ಪು 0, ಪೂರ್ಣಬಿಳಿ 100 ಎಂದು ಎಣಿಕೆ. ಈ ಏಣಿಯ ಒಂದೊಂದು ಮೆಟ್ಟಿಲಿನಲ್ಲೂ ಕೆಂಪು, ಹಸಿರು, ನೀಲಿ ಮೂರೂ ಗೊತ್ತಾದ ಒಂದೇ ಪಾಲಿನಲ್ಲಿ ಬೆರೆಯಬೇಕು. ಬಣ್ಣದ ಚಿತ್ರವೆಂದರೆ ಈ ಏಣಿಯ ಮೇಲೆ ಹಚ್ಚಿದ ಬಣ್ಣವೇ. ಏಣಿ ವಾಲಿದರೆ ಚಿತ್ರವೂ ವಾಲುತ್ತದೆ.

ನಳಿಕೆಗಳ ಸ್ವಭಾವ ಈ ಕೆಲಸವನ್ನು ಕಠಿಣಗೊಳಿಸುತ್ತಿತ್ತು. ವಿದ್ಯುತ್ ಸಂಕೇತ ಅರ್ಧಕ್ಕಿಳಿದರೆ ಬೆಳಕು ಅರ್ಧಕ್ಕಿಳಿಯುವುದಿಲ್ಲ. ಸುಮಾರು ಐದನೇ ಒಂದು ಪಾಲಿಗೆ ಕುಸಿಯುತ್ತದೆ. ಮೂರು ನಳಿಕೆಗಳೂ ಒಂದೇ ಬಗೆಯಲ್ಲಿ ಕುಸಿಯುವ ಭರವಸೆಯಿಲ್ಲ. ಆದ್ದರಿಂದ ಪ್ರತಿ ನಳಿಕೆಗೂ ಎರಡು ಹಿಡಿತಗಳು: ಕಿರಣ ಎಲ್ಲಿ ಶುರುವಾಗಬೇಕೆಂದು ನಿರ್ಧರಿಸುವ ಬಯಾಸ್, ಎಷ್ಟು ಮೇಲಕ್ಕೇರಬೇಕೆಂದು ನಿರ್ಧರಿಸುವ ಗೇನ್. ಮೊದಲನೆಯದರ ಪ್ರಭಾವ ಏಣಿಯ ಕೆಳತುದಿಯಲ್ಲಿ, ಎರಡನೆಯದರದು ಮೇಲ್ತುದಿಯಲ್ಲಿ ಹೆಚ್ಚು.

ಯಂತ್ರ ಚೆನ್ನಾಗಿ ಕಾದು ಸ್ಥಿರವಾದ ಮೇಲೆ ಕೆಲಸ ಆರಂಭ. ತೆರೆಯ ನಡುವೆ 20 ಅಥವಾ 30ರ ಮಟ್ಟದ ಮಂದ ಬೂದು ಚೌಕ ಮೂಡಿಸಿ, ಬಣ್ಣಮಾಪಕದ ಅಂಕಿಗಳನ್ನು ನೋಡುತ್ತ ಬಯಾಸ್ ತಿದ್ದುವುದು. ಆಮೇಲೆ 80ರ ಮಟ್ಟದ ಚೌಕ ಮೂಡಿಸಿ ಗೇನ್ ತಿದ್ದುವುದು. ಮೇಲ್ತುದಿಯನ್ನು ತಿದ್ದಿದೊಡನೆ ಕೆಳತುದಿ ಕದಲಿರುತ್ತದೆ, ಮತ್ತೆ ಕೆಳಗಿಳಿಯಬೇಕು. ಹೀಗೆ ಹತ್ತಾರು ಸಲ ಹತ್ತಿ ಇಳಿದ ಮೇಲೆ ಎರಡು ತುದಿಗಳೂ ಡಿ65ರ ಅಂಕಿಗಳಾದ 0.3127 ಮತ್ತು 0.3290ರ ಹತ್ತಿರ ಬಂದು ನಿಲ್ಲುತ್ತವೆ. ಸಾಮಾನ್ಯವಾಗಿ ಹಸಿರು ನಳಿಕೆಯನ್ನು ಮುಟ್ಟುವುದಿಲ್ಲ. ಬಿಳಿಯ ಹೊಳಪಿನಲ್ಲಿ ಸುಮಾರು 70 ಪಾಲು ಹಸಿರಿನದೇ. ನೀಲಿಯದು ನೂರಕ್ಕೆ ಏಳರಷ್ಟು. ಹಸಿರನ್ನು ಕಂಬದಂತೆ ನಿಲ್ಲಿಸಿಕೊಂಡು ಉಳಿದೆರಡನ್ನು ಅದಕ್ಕೆ ಕಟ್ಟುವುದು ರೂಢಿ.

6500 ಕೆಲ್ವಿನ್ ಎಂಬ ಒಂದೇ ಅಂಕಿಯನ್ನು ನಂಬುವಂತೆಯೂ ಇಲ್ಲ. ಕೊಂಚ ಹಸಿರು ತಿರುಗಿದ ಬಿಳಿಯೂ ಕೊಂಚ ನಸುಗೆಂಪು ತಿರುಗಿದ ಬಿಳಿಯೂ ಮಾಪಕದಲ್ಲಿ ಅದೇ 6500 ತೋರಿಸಬಹುದು. ಅದಕ್ಕೇ ನಕ್ಷೆಯ ಎರಡು ಅಂಕಿಗಳು ಬೇಕು. ತೆರೆಯ ಬಟ್ಟೆ, ಗೋಡೆಯ ಸುಣ್ಣ ಕೂಡ ಬೆಳಕಿಗೆ ತಮ್ಮ ಬಣ್ಣ ಸೇರಿಸುವುದರಿಂದ ಮಾಪಕವನ್ನು ತೆರೆಯತ್ತ ತಿರುಗಿಸಿ, ಅಲ್ಲಿಂದ ಮರಳಿ ಬರುವ ಬೆಳಕನ್ನು ಅಳೆಯುವುದು ಜಾಣತನವೆನಿಸಿತ್ತು.

ಎಲ್ಲಕ್ಕಿಂತ ಹಟಮಾರಿಯೆಂದರೆ ನೀಲಿ ನಳಿಕೆ. ಕಿರಣ ಪ್ರಬಲವಾದಂತೆ ನೀಲಿ ಫಾಸ್ಫರ್ ಬಳಲುತ್ತದೆ. ಕೊಟ್ಟಷ್ಟು ವಿದ್ಯುತ್ತಿಗೆ ತಕ್ಕ ಬೆಳಕು ಕೊಡುವುದಿಲ್ಲ. ಪರಿಣಾಮವಾಗಿ ಏಣಿಯ ನಡುಭಾಗ ಸರಿಯಿದ್ದರೆ ಮೇಲ್ತುದಿ ಹಳದಿಯಾಗುತ್ತದೆ, ಮೇಲ್ತುದಿ ಸರಿಮಾಡಿದರೆ ನಡುಭಾಗ ನೀಲಿಗೆ ವಾಲುತ್ತದೆ. ತಂತ್ರಜ್ಞರು ಇದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದದ್ದು: ನೀಲಿ ಕಿರಣದ ಫೋಕಸ್ಸನ್ನು ಬೇಕೆಂದೇ ತುಸು ಕೆಡಿಸುವುದು. ಕಿರಣದ ಚುಕ್ಕೆ ಅಗಲವಾದಾಗ ಹೊರೆ ಹೆಚ್ಚು ಜಾಗದಲ್ಲಿ ಹಂಚಿಹೋಗಿ ಲೇಪ ಬಳಲುವುದಿಲ್ಲ. ನೀಲಿಯ ಸೂಕ್ಷ್ಮ ವಿವರಗಳನ್ನು ಗ್ರಹಿಸುವುದರಲ್ಲಿ ಮನುಷ್ಯನ ಕಣ್ಣು ಮಂದವಾದ್ದರಿಂದ ಆ ಮಸುಕು ನೋಡುವವರ ಗಮನಕ್ಕೇ ಬರುವುದಿಲ್ಲ.

ಇದನ್ನೊಂದು ವೃತ್ತಿಯಾಗಿ ಬೆಳೆಸಿದವರಲ್ಲಿ ಅಮೆರಿಕದ ಜೋ ಕೇನ್ ಮತ್ತು ಜೋಯೆಲ್ ಸಿಲ್ವರ್ ಪ್ರಮುಖರು. ಸ್ಟುಡಿಯೊ ಮಾನಿಟರುಗಳಿಗೆ ಮಾತ್ರ ಇದ್ದ ಶಿಸ್ತನ್ನು ಮನೆಗೆ ತರಲು ಕೇನ್ 1989ರಲ್ಲಿ ‘ಎ ವಿಡಿಯೊ ಸ್ಟ್ಯಾಂಡರ್ಡ್’ ಎಂಬ ಲೇಸರ್ ಡಿಸ್ಕ್ ತಂದರು. 1994ರಲ್ಲಿ ಹುಟ್ಟಿದ ಇಮೇಜಿಂಗ್ ಸೈನ್ಸ್ ಫೌಂಡೇಶನ್ ತಂತ್ರಜ್ಞರಿಗೆ ತರಬೇತಿ ಕೊಡತೊಡಗಿತು. ಅವರ ವಾದ ಸರಳ: ಚಿತ್ರವನ್ನು ವಿಡಿಯೊಗೆ ಇಳಿಸುವಾಗ ಬಣ್ಣ ತಿದ್ದುವವರು ನೋಡಿದ ಮಾನಿಟರ್ ಡಿ65ಕ್ಕೆ ಹೊಂದಿತ್ತು, ಮನೆಯ ತೆರೆಯೂ ಅಲ್ಲಿಗೇ ಹೊಂದಿದರೆ ಮಾತ್ರ ಇಬ್ಬರೂ ನೋಡಿದ್ದು ಒಂದೇ ಚಿತ್ರ.

ಕಪ್ಪು-ಬಿಳುಪಿನ ಪರೀಕ್ಷೆ

ಗ್ರೇಸ್ಕೇಲಿನ ನಿಜವಾದ ಪರೀಕ್ಷೆ ಕಪ್ಪು-ಬಿಳುಪು ಚಿತ್ರಗಳಲ್ಲಿ. ಬಣ್ಣದ ಚಿತ್ರದಲ್ಲಿ ಸಣ್ಣ ದೋಷ ಅಡಗಿಕೊಳ್ಳಬಹುದು. ಕಪ್ಪು-ಬಿಳುಪಿನಲ್ಲಿ ಏಣಿಯೇ ಚಿತ್ರ. ನೆರಳು ಕೆಂಪಾಗಿ ಬೆಳಕು ನೀಲಿಯಾದರೆ ಎಂಥವರಿಗೂ ತಿಳಿದುಬಿಡುತ್ತದೆ. ಇಡೀ ತೆರೆ ಒಂದೇ ಸಮನೆ ನೀಲಿಯಾಗಿದ್ದರೆ ಕಣ್ಣು ಸ್ವಲ್ಪ ಹೊತ್ತಿನಲ್ಲೇ ಹೊಂದಿಕೊಂಡೀತು. ಮೆಟ್ಟಿಲಿಂದ ಮೆಟ್ಟಿಲಿಗೆ ಬಣ್ಣ ಬದಲಾದರೆ ಅದು ಕ್ಷಮಿಸದು. ನಮ್ಮ ಊರುಗಳ ಟೀವಿ ರಿಪೇರಿಯವರಿಗೂ ಈ ಮರ್ಮ ಗೊತ್ತಿತ್ತು. ಬಣ್ಣದ ಗುಂಡಿಯನ್ನು ಸೊನ್ನೆಗಿಳಿಸಿ, ಚಿತ್ರವನ್ನು ಕಪ್ಪು-ಬಿಳುಪು ಮಾಡಿಕೊಂಡು, ಆಮೇಲೆ ಹಿಂದಿನ ಸ್ಕ್ರೂಗಳನ್ನು ತಿರುಗಿಸುತ್ತಿದ್ದರು.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿ ಅವರ ಉದಾಹರಣೆ ಇಲ್ಲಿ ಉಚಿತವಾದದ್ದು. ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಕರೆಯುವ ಬೆಂಗಳೂರಿನ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದ ಅವರು ಗುರುದತ್ ಅವರ ಚಿತ್ರಗಳಿಗೆ ಬೆಳಕು ಕೊಟ್ಟರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 1959ರ ‘ಕಾಗಜ್ ಕೆ ಫೂಲ್’ನಲ್ಲಿ, ಖಾಲಿ ಸ್ಟುಡಿಯೊದ ಕತ್ತಲೆಗೆ ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಕೋಲು ಪ್ರಸಿದ್ಧವಾದದ್ದು. ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ ಅದನ್ನು ಸಾಧಿಸಿದ್ದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ, ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರಾದರು. ಆ ಬೆಳಕಿನ ಕೋಲಿನಲ್ಲಿ ಇರುವುದು ಕಪ್ಪು, ಬಿಳಿ ಮತ್ತು ಅವುಗಳ ನಡುವಿನ ನೂರು ಬೂದುಗಳು ಮಾತ್ರ. ಏಣಿ ಸರಿಯಿಲ್ಲದ ತೆರೆಯ ಮೇಲೆ ಬೆಳಕು ನೀಲಿ ಹೊಗೆಯಾಗಿ, ಸುತ್ತಲಿನ ಕತ್ತಲು ಮಾಸಿದ ಕಂದಾಗಿ ತೋರುತ್ತದೆ. ಕಥೆ ಅರ್ಥವಾದೀತು, ಸಂಭಾಷಣೆ ಕೇಳಿಸೀತು. ಛಾಯಾಗ್ರಾಹಕ ಮಾಡಿದ ಕೆಲಸ ಮಾತ್ರ ನೋಡುಗನಿಗೆ ತಲುಪುವುದಿಲ್ಲ.

ಯಂತ್ರ ಹೋಯಿತು, ಅಳತೆ ಉಳಿಯಿತು

2000ದ ನಂತರದ ದಶಕದಲ್ಲಿ ಹಗುರವಾದ, ಪ್ರಖರವಾದ ಡಿಜಿಟಲ್ ಪ್ರೊಜೆಕ್ಟರುಗಳು ಬಂದು ಮೂರು ನಳಿಕೆಗಳ ಯಂತ್ರಗಳು ಮೂಲೆಗೆ ಸರಿದವು. ಹಳೆಯ ನಳಿಕೆಗಳನ್ನು ಕೂಡಿಟ್ಟುಕೊಂಡು ಅವುಗಳನ್ನು ಇನ್ನೂ ನಡೆಸುತ್ತಿರುವ ಹವ್ಯಾಸಿಗಳು ಕೆಲವರಿದ್ದಾರೆ. ಆದರೆ ಅವುಗಳ ಮುಂದೆ ಕುಳಿತು ಕಲಿತ ಶಿಸ್ತು ಅಳಿಯಲಿಲ್ಲ. ಹೈಡೆಫಿನಿಷನ್ ಟೆಲಿವಿಷನ್ನಿನ ಬಿಳಿ ಡಿ65, ಕಂಪ್ಯೂಟರ್ ಪರದೆಗಳಿಗೆ 1996ರಲ್ಲಿ ರೂಪಿಸಿದ ಪ್ರಮಾಣದ ಬಿಳಿಯೂ ಡಿ65. ಎರಡು ಅಂಕಗಳಲ್ಲಷ್ಟೇ ಅಲ್ಲದೆ ಏಣಿಯ ಹತ್ತು ಅಥವಾ ಇಪ್ಪತ್ತು ಮೆಟ್ಟಿಲುಗಳಲ್ಲೂ ಬಣ್ಣ ತಿದ್ದುವ ಸೌಲಭ್ಯ ಇಂದಿನ ಅನೇಕ ಟೀವಿಗಳಲ್ಲಿದೆ.

ಅಂಗಡಿಯ ನೀಲಿ ಕೂಡ ಉಳಿದುಕೊಂಡಿದೆ. ಹೊಸ ಟೀವಿಯನ್ನು ಮನೆಗೆ ತಂದಾಗ ಅದರ ಬಿಳಿ ಬಹಳ ಸಲ ನೀಲಿಯತ್ತಲೇ ವಾಲಿರುತ್ತದೆ. ಚಿತ್ರ ತೆಗೆದವರ ಉದ್ದೇಶಕ್ಕೆ ಪರದೆ ಹತ್ತಿರವಾಗಲೆಂದು 2019ರಲ್ಲಿ ಟೀವಿ ತಯಾರಕರೂ ಸ್ಟುಡಿಯೊಗಳೂ ಸೇರಿ ‘ಫಿಲ್ಮ್‌ಮೇಕರ್ ಮೋಡ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಬೇಕಾಯಿತು. ಆ ಗುಂಡಿಯನ್ನು, ಅದಿಲ್ಲದಿದ್ದರೆ ‘ಸಿನಿಮಾ’ ಎಂಬ ಗುಂಡಿಯನ್ನು ಒತ್ತಿದೊಡನೆ ಚಿತ್ರ ಹಳದಿಯಾಗಿ, ಮಂಕಾಗಿ ಕಾಣುತ್ತದೆ. ಹೆಚ್ಚಿನವರು ಕೂಡಲೇ ಹಿಂದಕ್ಕೆ ಬದಲಿಸಿಬಿಡುತ್ತಾರೆ. ಅವಸರಪಡದೆ ಅರ್ಧ ಗಂಟೆ ನೋಡಿದರೆ ಕಣ್ಣು ನೀಲಿಯ ರೂಢಿ ಬಿಟ್ಟು ಹೊಸ ಬಿಳಿಗೆ ಒಗ್ಗಿಕೊಳ್ಳುತ್ತದೆ. ಆಗ ಮುಖಗಳು ಮುಖದ ಬಣ್ಣಕ್ಕೆ, ಸಂಜೆಯ ಬಿಸಿಲು ಸಂಜೆಯ ಬಿಸಿಲಿಗೆ ಮರಳಿರುವುದು ತಾನಾಗಿ ಕಾಣುತ್ತದೆ.